ಆಕಾಶದಿಂದ ಬಂದ ಟಿಕ್ ಟಿಕ್

ಮಕ್ಕಳೇ, ನಮ್ಮ ಭೂಮಿಯ ಆಚೆ ಬೇರೆಲ್ಲಾದರೂ ಜೀವಿಗಳಿರಬಹುದೇ? ಹೋಗಿ ನೋಡಿ ಬರೋಣವೆಂದರೆ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರದಿಂದ ಬೆಳಕು ಬರುವುದಕ್ಕೇ 4 ವರ್ಷಕ್ಕಿಂತ ಹೆಚ್ಚು ಬೇಕು. ಆದುದರಿಂದ ವಿಜ್ಞಾನಿಗಳು ನೀವೀಗ ಮಾಡುತ್ತಿರುವ ಕೆಲಸವನ್ನೇ ಮಾಡಿದರು. ರೇಡಿಯೋ ಹಚ್ಚಿ ಕಿವಿಗೊಟ್ಟು ಕುಳಿತರು! 1960ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ಎಂಬಲ್ಲಿ ಫ್ರಾಂಕ್ ಡ್ರೇಕ್ ಎಂಬವರು ತಮ್ಮ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆಗೆ ತಿರುಗಿಸಿ ಆಲಿಸಿದರು. ಯಾರ ಕರೆಯೂ ಕೇಳಿಸಲಿಲ್ಲ.

ಆದರೆ 1967ರಲ್ಲಿ ಒಂದು ಸೋಜಿಗ ನಡೆಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ 24 ವರ್ಷದ ವಿದ್ಯಾರ್ಥಿನಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಅಭ್ಯಸಿಸುತ್ತಿದ್ದರು. ಯಂತ್ರದ ಲೇಖನಿ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಅದರಲ್ಲೊಂದು ಚಿಕ್ಕ ಗೀಚು ಅವರ ಕಣ್ಣಿಗೆ ಬಿತ್ತು. ಕಾಗದವನ್ನು ವೇಗವಾಗಿ ಓಡಿಸಿ ನೋಡಿದರೆ, ಅದು 1.33 ಸೆಕೆಂಡಿಗೊಂದರಂತೆ ಗಡಿಯಾರದ ಹಾಗೆ ತಪ್ಪದೆ ಬರುವ ಮಿಡಿತ! ಯಾರೋ ನಮ್ಮನ್ನು ಕರೆಯುತ್ತಿದ್ದಾರೆಯೇ? ‘ಹಸಿರು ಬಣ್ಣದ ಪುಟ್ಟ ಮನುಷ್ಯರು’ ಎಂದು ಅವರು ತಮಾಷೆಗೆ ಅದಕ್ಕೆ ಹೆಸರನ್ನೂ ಇಟ್ಟರು. ಆದರೆ ಊರಿಗೆಲ್ಲ ಡಂಗುರ ಸಾರಲಿಲ್ಲ. ಮೊದಲು ಪರೀಕ್ಷಿಸಿದರು.

ಮೊದಲನೆಯದಾಗಿ, ಇದು ಭೂಮಿಯ ಮೇಲಿನ ಯಾವುದೋ ಯಂತ್ರದ ಸದ್ದಲ್ಲವಷ್ಟೆ? ನಕ್ಷತ್ರಗಳು ದಿನದಿಂದ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಮೂಡುತ್ತವೆ. ಈ ಮಿಡಿತವೂ ಹಾಗೆಯೇ ಬರುತ್ತಿತ್ತು. ಅಂದ ಮೇಲೆ ಅದು ನಕ್ಷತ್ರಲೋಕದ್ದೇ. ಎರಡನೆಯದಾಗಿ, ಕಳಿಸುವವರು ಒಂದು ಗ್ರಹದಲ್ಲಿದ್ದರೆ ಆ ಗ್ರಹ ತನ್ನ ಸೂರ್ಯನನ್ನು ಸುತ್ತಬೇಕು. ಅದು ನಮ್ಮತ್ತ ಬರುವಾಗ ಮಿಡಿತಗಳು ತುಸು ಬೇಗ, ದೂರ ಸರಿಯುವಾಗ ತುಸು ತಡವಾಗಿ ಬರಬೇಕು. ಅಂತಹ ವ್ಯತ್ಯಾಸ ಕಾಣಲಿಲ್ಲ. ಮೂರನೆಯದಾಗಿ, ಡಿಸೆಂಬರಿನಲ್ಲಿ ಆಕಾಶದ ಇನ್ನೊಂದು ಮೂಲೆಯಿಂದ ಬೆಲ್ ಅವರಿಗೆ ಅಂಥದೇ ಮತ್ತೊಂದು ಮಿಡಿತ ಸಿಕ್ಕಿತು. ದೂರ ದೂರದ ಎರಡು ಲೋಕದವರು ಒಂದೇ ಸಮಯಕ್ಕೆ, ಒಂದೇ ಬಗೆಯಲ್ಲಿ ನಮ್ಮನ್ನು ಕರೆದಾರೆಯೇ?

ಹಾಗಾದರೆ ಅದೇನು? ಗಿರಗಿರನೆ ತಿರುಗುವ, ಬಹಳ ಚಿಕ್ಕ, ಬಹಳ ಭಾರವಾದ ನಕ್ಷತ್ರ. ಸುಮಾರು 20 ಕಿಲೋಮೀಟರ್ ಅಗಲದೊಳಗೆ ಸೂರ್ಯನಿಗಿಂತ ಹೆಚ್ಚಿನ ದ್ರವ್ಯ! ಕಡಲ ತೀರದ ದೀಪಸ್ತಂಭದಂತೆ ಅದರ ಕಿರಣ ಸುತ್ತುತ್ತ ನಮ್ಮತ್ತ ಬಂದಾಗಲೆಲ್ಲ ಒಂದು ಮಿಡಿತ. ಇದಕ್ಕೆ ‘ಪಲ್ಸಾರ್’ ಎಂದು ಹೆಸರು.

ಪಲ್ಸಾರ್‌ಗಳನ್ನು ಆಲಿಸುವ ದೊಡ್ಡ ಕಿವಿಯೊಂದು ನಮ್ಮ ನೀಲಗಿರಿಯಲ್ಲೇ ಇದೆ. ಊಟಿಯ ಬಳಿ ಮುತ್ತೋರೈಯಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದ ಈ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಬೆಟ್ಟದ ಇಳಿಜಾರು ಸುಮಾರು 11 ಡಿಗ್ರಿ, ಊರಿನ ಅಕ್ಷಾಂಶವೂ ಅಷ್ಟೆ. ಹಾಗಾಗಿ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿದೆ. ಅದನ್ನು ನಿಧಾನವಾಗಿ ಹೊರಳಿಸಿದರೆ ಸಾಕು, ಒಂದು ನಕ್ಷತ್ರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು.

ಅನ್ಯಲೋಕದವರ ಕರೆ ಇಂದಿನವರೆಗೂ ಸಿಕ್ಕಿಲ್ಲ. ಹಾಗೆಂದು ಅವರು ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಇನ್ನೂ ಆಲಿಸದ ನಕ್ಷತ್ರಗಳು ಲೆಕ್ಕವಿಲ್ಲದಷ್ಟಿವೆ. ಹಾರುವ ತಟ್ಟೆ ಬಂದಿತ್ತು ಎಂದು ಯಾರಾದರೂ ಹೇಳಿದರೆ ನಗಬೇಡಿ, ಕೂಡಲೇ ನಂಬಲೂ ಬೇಡಿ. ಬೆಲ್ ಅವರಂತೆ ಪ್ರಶ್ನೆ ಕೇಳಿ.

ಇಂದು ರಾತ್ರಿ ಒಂದು ಕೆಲಸ ಮಾಡಿ. ಅಂಗಳದ ಒಂದೇ ಜಾಗದಲ್ಲಿ ನಿಂತು, ಒಂದು ನಕ್ಷತ್ರ ಎದುರುಮನೆಯ ಮಾಡಿನ ಹಿಂದೆ ಮರೆಯಾಗುವ ಸಮಯವನ್ನು ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ನೋಡಿ. ಎಷ್ಟು ನಿಮಿಷ ಮುಂಚೆ ಮರೆಯಾಯಿತೆಂದು ನೀವೇ ಲೆಕ್ಕ ಹಾಕಿ.