ಹುಡುಗರ ಮಾತಿಗೆ ಕಿವಿಗೊಡಿ
(ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಮಳಿಗೆ ಬಾಡಿಗೆಗಳ ಮಾತನ್ನು ಈ ಸಭೆಯಲ್ಲಿ ಬೇಕಾದಷ್ಟು ಆಡಿದ್ದೇವೆ. ಇವತ್ತು ಹತ್ತನೆಯ ತರಗತಿಯಲ್ಲಿ ಓದುವ ನಮ್ಮ ಮಕ್ಕಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತಿನ ವಿಚಾರ ಹೇಳಬೇಕೆಂದಿದ್ದೇವೆ. ಹರಟೆಯ ವಿಷಯವೆಂದು ನಗಬೇಡಿ.

ಪರೀಕ್ಷೆ ಮುಗಿಸಿ ಹೊರಬಿದ್ದ ಹುಡುಗರ ಗುಂಪಿನ ಹತ್ತಿರ ಐದು ನಿಮಿಷ ನಿಂತು ನೋಡಿ. ಮೊದಲು ಪ್ರಶ್ನೆಪತ್ರಿಕೆಯ ಮಾತು. "ಥೇಲ್ಸ್ ಪ್ರಮೇಯ ಬರೆದೆಯೇನೋ?" "ಅರ್ಧಕ್ಕೇ ಬಿಟ್ಟೆ ಕಣೋ." ಆಮೇಲೆ ಯಾರ ನೋಟ್ಸು ಯಾರ ಹತ್ತಿರ ಉಳಿದಿದೆ, ನಾಳೆಯ ವಿಜ್ಞಾನಕ್ಕೆ ಏನು ಓದಬೇಕು ಎಂಬುದು. ಸ್ವಲ್ಪ ಹೊತ್ತಿಗೆ ಧ್ವನಿ ತಗ್ಗುತ್ತದೆ. "ಈ ಸಲ ಹೋದರೆ ಅಪ್ಪ ಅಂಗಡೀಲಿ ಕೂರಿಸ್ತಾನೆ." ಹುಡುಗಿಯರಾದರೆ, "ನಮ್ಮನೇಲಿ ಗಂಡು ನೋಡ್ತಾರೆ ಕಣೇ." ನಗುತ್ತಲೇ ಹೇಳುತ್ತಾರೆ. ಆ ನಗುವನ್ನು ನಂಬಬೇಡಿ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಒಟ್ಟು 625 ಅಂಕಗಳದು. ಮೊದಲ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. 2023ರಲ್ಲಿ ನಮ್ಮ ರಾಜ್ಯದಲ್ಲಿ ಶೇಕಡಾ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಅಧಿಕಾರಿಗಳು ಕುಳಿತಲ್ಲಿಂದಲೇ ನೋಡುವ ಏರ್ಪಾಡಾಯಿತು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ನಕಲು ನಿಂತಿತು, ಅಷ್ಟೇ ಎನ್ನುವವರಿದ್ದಾರೆ. ನಿಂತದ್ದು ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. 2024ರಲ್ಲಿ ಹತ್ತನೆಯ ತರಗತಿ ಬರೆದ ಮಕ್ಕಳು ಕೊರೋನಾ ಕಾಲದ 2020-21ರಲ್ಲಿ ಏಳನೆಯ ತರಗತಿಯಲ್ಲಿದ್ದವರು. ಬೀಜಗಣಿತಕ್ಕೆ ಅಡಿಪಾಯ ಬೀಳುವ ವಯಸ್ಸು ಅದು. ಶಾಲೆಗೆ ಬೀಗ ಬಿದ್ದಿತ್ತು, ಪಾಠ ಫೋನಿಗೆ ಹೋಗಿತ್ತು. ನಮ್ಮಂಥವರ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಪಾಳಿಗೆ ಹೋಗುತ್ತಿತ್ತು. ರಾತ್ರಿ ಅದು ಮನೆಗೆ ಬಂದರೆ ಅಣ್ಣನಿಗೆ ಮೊದಲು, ತಂಗಿಗೆ ಆಮೇಲೆ. ಅನುಕೂಲಸ್ಥರ ಮಗುವಿಗೆ ಬೇರೆ ಕೋಣೆ, ಬೇರೆ ಫೋನು, ಮೇಲೆ ಮನೆಪಾಠ. ಕ್ಯಾಮೆರಾ ಮಾತ್ರ ಇಬ್ಬರನ್ನೂ ಸಮನಾಗಿ ನೋಡಿತು.

ಕಾನೂನಿನ ಕಡೆಗೂ ನೋಡೋಣ. ಉಚಿತ ಕಡ್ಡಾಯ ಶಿಕ್ಷಣದ 2009ರ ಕಾಯಿದೆ 6ರಿಂದ 14 ವರ್ಷದವರಿಗೆ ಮಾತ್ರ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ 14ರೊಳಗಿನವರನ್ನು ದುಡಿಮೆಗೆ ಹಚ್ಚಬಾರದೆನ್ನುತ್ತದೆ (ಶಾಲೆಯ ಹೊತ್ತು ಬಿಟ್ಟು ಮನೆಯ ಕಸುಬಿಗೆ ನೆರವಾಗಬಹುದೆಂಬ ವಿನಾಯಿತಿ ಬೇರೆ ಇದೆ, ಆ ಸಂದಿಯಲ್ಲಿ ಏನೇನು ನುಸುಳಬಹುದೆಂದು ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ). 14 ದಾಟಿದವರನ್ನು ಅದು ಅಪಾಯದ ಕೆಲಸಗಳಿಂದಷ್ಟೇ ಕಾಯುತ್ತದೆ. ಎರಡು ಕಾಯಿದೆಗಳೂ ಕೈ ಸಡಿಲಿಸಿದ ಮೇಲೆ, ಹದಿನೈದು ಹದಿನಾರರಲ್ಲಿ, ಈ ಪರೀಕ್ಷೆ ಎದುರಾಗುತ್ತದೆ. ಆಗ ಮಗು ಉಳಿಯುವುದು ಬೀಳುವುದು ನಮ್ಮ ಕೈಯಲ್ಲಿ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆ. ಮೊದಲನೆಯದರಲ್ಲಿ ಹೋದ ವಿಷಯಗಳನ್ನಷ್ಟೇ ಎರಡನೆಯದರಲ್ಲಿ ಬರೆಯಬಹುದು; ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶಕ್ಕೂ ಎರಡನೆಯ ಪರೀಕ್ಷೆಗೂ ನಡುವೆ ಕೆಲವೇ ವಾರ. ಆ ಕೆಲವು ವಾರಗಳಲ್ಲೇ ನಮ್ಮವರು ಹುಡುಗನ ಕೈಗೆ ತಕ್ಕಡಿ ಕೊಡುತ್ತಾರೆ. ಮೊದಲ ವಾರದ ಕೂಲಿ ಮನೆಗೆ ಬಂದು, ಅಕ್ಕಿಗೋ ಸಾಲದ ಕಂತಿಗೋ ಒದಗಿತೆಂದರೆ ಪುಸ್ತಕ ಮತ್ತೆ ಬಿಚ್ಚುವುದಿಲ್ಲ. ಹಾಗೆ ಮಾಡುವ ತಂದೆಯನ್ನು ನಾವು ಬೈಯಲಾರೆವು. ಅವನ ಸಂಬಳ ಎಷ್ಟೆಂದು ನಮಗೆ ಗೊತ್ತು. ಆದರೂ ಕೇಳುತ್ತೇವೆ: ಮರುಪರೀಕ್ಷೆಯವರೆಗೆ ತಡೆಯಿರಿ. ಅಂಗಡಿಯವರೇ, ನಪಾಸಾದ ಹುಡುಗ ಕೆಲಸ ಕೇಳಿಕೊಂಡು ಬಂದರೆ, "ಬರೆದು ಬಾರಪ್ಪ" ಎಂದು ಕಳಿಸಿ. ಹುಡುಗಿಗೆ 18 ತುಂಬದೆ ಮದುವೆ ಮಾಡುವುದು ಅಪರಾಧ; ಅಂಕಪಟ್ಟಿ ನೋಡಿ ಆ ಮಾತೆತ್ತುವುದೇ ಬೇಡ. ಮರುಪರೀಕ್ಷೆಯ ಅರ್ಜಿ ತುಂಬಲು ಮಗುವನ್ನು ಒಂಟಿಯಾಗಿ ಕಳಿಸದೆ ಮುಖ್ಯೋಪಾಧ್ಯಾಯರ ಬಳಿಗೆ ಜೊತೆಯಲ್ಲಿ ಹೋಗಿ.

ಸಂಘದ ಕೊಠಡಿಯಲ್ಲಿ ಸಂಜೆ 7ರಿಂದ 9ರವರೆಗೆ ಹೇಗೂ ದೀಪ ಉರಿಯುತ್ತದೆ. ಪರೀಕ್ಷೆಗಳು ಮುಗಿಯುವವರೆಗೆ ಇಸ್ಪೀಟಿನ ಗೆಳೆಯರು ಜಗಲಿಗೆ ಹೋಗಲಿ, ಒಳಗೆ ಮಕ್ಕಳು ಕೂರಲಿ. ಗಣಿತ ಬಲ್ಲ ಗುಮಾಸ್ತರು ಇಬ್ಬರಾದರೂ ಇಲ್ಲಿರಬೇಕು. ಸಭೆ ಮುಗಿದ ಮೇಲೆ ಅವರು ದಯವಿಟ್ಟು ನಮ್ಮನ್ನು ಕಾಣಲಿ.