ಗಡಿನಾಡಿನಲ್ಲಿ ಶೋಧಕ ಪತ್ರಿಕಾವೃತ್ತಿ

(ಚಿಕ್ಕೋಡಿಯಲ್ಲಿ ಕೂಡಿದ ವಾಚಕರ ಸಭೆಯಲ್ಲಿ ಮಾಡಿದ ಭಾಷಣ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಹೆಸರು ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಗಡಿಯ ನೆವದಿಂದಲೇ. ಈ ಊರುಗಳು ಯಾರವೆಂಬುದನ್ನು ನಾವೆಲ್ಲರೂ ಬರೆದಿದ್ದೇವೆ. ಇಲ್ಲಿ ಬಾಳುವವರ ಪಾಡೇನೆಂಬುದನ್ನು ಬರೆದವರು ವಿರಳ. ಆ ಕೊರತೆಯಲ್ಲಿ ನಮ್ಮ ಪಾಲೂ ಉಂಟು.

ಬಂದ ಸುದ್ದಿಯನ್ನು ಅಚ್ಚಿಸುವುದು ಒಂದು ಬಗೆ. ಮುಚ್ಚಿಟ್ಟುದನ್ನು ಹುಡುಕಿ ತೆಗೆಯುವುದು ಮತ್ತೊಂದು. ಹರ್ಮನ್ ಮೋಗ್ಲಿಂಗರು 1843ರಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಮೊದಲನೆಯ ಬಗೆಯದು. ಎರಡನೆಯದಕ್ಕೆ ವಂಗದೇಶವನ್ನು ನೋಡಬೇಕು. ಹರಿಶ್ಚಂದ್ರ ಮುಖರ್ಜಿಯವರು ‘ಹಿಂದೂ ಪೇಟ್ರಿಯಟ್’ ಪತ್ರದಲ್ಲಿ ನೀಲಿ ಬೆಳೆಯುವ ರೈತರ ಮೇಲಿನ ಜುಲುಮೆಯನ್ನು ವಾರವಾರವೂ ಬಯಲಿಗೆಳೆದರು. 1860ರಲ್ಲಿ ಸರಕಾರವು ನೀಲಿ ಆಯೋಗವನ್ನು ನೇಮಿಸಲೇಬೇಕಾಯಿತು. ಮರುವರ್ಷವೇ ಅವರು ತೀರಿಕೊಂಡರು. ಬಿಳಿಯ ತೋಟಗಾರನು ಹೂಡಿದ ದಾವೆಯಾದರೋ ಅವರ ವಿಧವೆಯನ್ನೂ ಬಿಡಲಿಲ್ಲ. ಅಮೇರಿಕೆಯಲ್ಲಿ ಇಡಾ ಟಾರ್ಬೆಲ್ ಎಂಬಾಕೆಯು 1902ರಿಂದ ‘ಸ್ಟ್ಯಾಂಡರ್ಡ್ ಆಯಿಲ್’ ಕಂಪನಿಯ ಚರಿತ್ರೆಯನ್ನು ಕೋರ್ಟಿನ ಕಾಗದಪತ್ರಗಳನ್ನೇ ಶೋಧಿಸಿ ಬರೆದಳು. 1911ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಕಂಪನಿಯನ್ನು ಒಡೆಯಿಸಿತು. ನಮ್ಮಲ್ಲಿ 1980ರಲ್ಲಿ ಹುಟ್ಟಿದ ‘ಲಂಕೇಶ್ ಪತ್ರಿಕೆ’ಯು ಜಾಹೀರಾತುಗಳ ಹಂಗನ್ನೇ ತೊರೆಯಿತು. ಅದರ ಮಾತಿನ ಮೊನೆ ಎಲ್ಲರಿಗೂ ಒಪ್ಪಿತವಾಗದಿರಬಹುದು, ಧೈರ್ಯವನ್ನು ಅಲ್ಲಗಳೆಯಲಾಗದು.

ಈಗ ನಿಪ್ಪಾಣಿಗೆ ಬರೋಣ. ವಂಗದೇಶಕ್ಕೆ ನೀಲಿಯಂತೆ ಈ ಸೀಮೆಗೆ ತಂಬಾಕು. ಅದರ ಕಾರಖಾನೆಗಳಲ್ಲಿ ಧೂಳನ್ನುಂಡು ದುಡಿದವರು ಹೆಂಗಸರು. 1981ರಲ್ಲಿ ದೀಪಾ ಧನರಾಜ್ ಮೊದಲಾದವರ ‘ಯುಗಾಂತರ’ ಎಂಬ ಸ್ತ್ರೀಯರ ತಂಡವು ನಾಲ್ಕು ತಿಂಗಳು ಇವರೊಡನಿದ್ದು, ಇವರ ಮಾತನ್ನು ಕೇಳಿ, ಹೊರಗಿನವರು ಕಾಣದಿದ್ದ ಕಾರಖಾನೆಗಳ ಒಳಗನ್ನೂ ಇವರ ಸಂಘಟನೆಯನ್ನೂ ಚಿತ್ರಿಸಿತು. ‘ತಂಬಾಕೂ ಚಾಕಿಲಾ ಓಬ್ ಆಲಿ’ ಎಂಬುದು ಆ ಚಿತ್ರದ ಹೆಸರು. ಅದು ಮರಾಠಿಯಲ್ಲಿದೆ. ನಾವು ಇಲ್ಲಿಯೇ ನಿಂತು ಯೋಚಿಸಬೇಕು. ನಿಪ್ಪಾಣಿ ನಮ್ಮದೆಂದು ಹಟ ಹಿಡಿದ ನಾವು ನಿಪ್ಪಾಣಿಯ ಕೂಲಿಹೆಂಗಸಿನ ಅಳಲನ್ನು, ಅವಳ ನುಡಿ ಬೇರೆಂಬ ಮಾತ್ರಕ್ಕೆ, ನಮ್ಮದಲ್ಲವೆಂದೆವೇ? 1956ರಲ್ಲಿ ನಾಡು ಒಂದಾಯಿತು. ಊರು ನಮ್ಮದಾದರೆ ಊರಿನ ಧೂಳೂ ನಮ್ಮದೇ.

ಶೋಧಕನಿಗೆ ಇಲ್ಲಿ ಕೆಲಸಕ್ಕೆ ಬರವಿಲ್ಲ. 2019ರಲ್ಲಿ ಕೃಷ್ಣೆಯು ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿಗಳ ಹೊಳೆದಂಡೆಯ ಹಳ್ಳಿಗಳನ್ನು ಮುಳುಗಿಸಿತು. ಪರಿಹಾರದ ಯಾದಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ? ಕೆಡವಿದ ಮನೆ ಯಾವುದು, ಬರೆದ ಮನೆ ಯಾವುದು? ಇದನ್ನು ವೇದಿಕೆಯ ಮೇಲೆ ಗರ್ಜಿಸಿ ತಿಳಿಯಲಾಗದು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿಯ ಅರ್ಜಿಯೊಂದನ್ನು ಕೊಟ್ಟು ಯಾದಿಯ ಪ್ರತಿಯನ್ನು ಪಡೆದು, ಅದನ್ನು ಕೈಯಲ್ಲಿ ಹಿಡಿದು ಕೇರಿಕೇರಿ ತಿರುಗಬೇಕು. ಆಪಾದಿತನ ಮಾತನ್ನೂ ಕೇಳಬೇಕು. ಅದನ್ನು ಕೇಳದೆ ಬರೆದುದು ಚಾಡಿ.

ಕಬ್ಬಿನ ತೂಕದ ಚೀಟಿ, ಕೂಲಿಯ ಚೀಟಿ, ಯಾದಿಯ ಪ್ರತಿ ಯಾರಲ್ಲಿದೆಯೋ ಅವರು ಸಭೆ ಮುಗಿದ ಮೇಲೆ ನಮ್ಮನ್ನು ಕಾಣಬೇಕು. ಕನ್ನಡವಾಗಲಿ, ಮರಾಠಿಯಾಗಲಿ, ಓದಿಕೊಳ್ಳುತ್ತೇವೆ. ತಂದವರ ಹೆಸರು ಹೊರಬೀಳದು.