ಕೋಳಿಗೂಡಿನ ಪಾಠಶಾಲೆ

(ಶಾಲೆಯ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನು ಎದ್ದು ನಿಂತನೆಂದರೆ ಪರೀಕ್ಷೆಯ ಫಲಿತಾಂಶದ ಲೆಕ್ಕವನ್ನೊಪ್ಪಿಸುತ್ತಾನೆಂದು ತಾವು ನಿರೀಕ್ಷಿಸುವುದು ಸಹಜವೇ. ಆ ಲೆಕ್ಕವೆಲ್ಲ ವರದಿಯಲ್ಲಿ ಬಂದಿದೆ. ಆದುದರಿಂದ ಇಂದು ಅದನ್ನು ಬದಿಗಿಟ್ಟು, ಬಹುದೂರದ ನಾಡಿನ ಒಂದು ಕೋಳಿಗೂಡಿನ ಕಥೆಯನ್ನು ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಕಥೆಗೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಳೆದ ವರ್ಷ ರಾಗಿಯ ತೆನೆ ಬಲಿಯುತ್ತಿದ್ದ ದಿನಗಳಲ್ಲಿ ಎಂಟನೆಯ ತರಗತಿಯ ಬಾಲಕನೊಬ್ಬನು ಮೂರು ದಿನ ಎಡೆಬಿಡದೆ ತಡವಾಗಿ ಬಂದನು. ಬಂದವನು ಗಣಿತದ ಪಾಠದಲ್ಲಿ ತೂಕಡಿಸಿದನು. ನಾವು ಕಾರಣವನ್ನು ಕೇಳದೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಅವನು ತಲೆ ತಗ್ಗಿಸಿ ನಿಂತನೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಆ ಭಾನುವಾರ ಬೇರೆ ಕೆಲಸದ ಮೇಲೆ ಕಾಡಂಚಿನ ಹೊಲಗಳ ಕಡೆಗೆ ಹೋಗಿದ್ದಾಗ, ನಾಲ್ಕು ಮರದ ಕಂಬಗಳ ಮೇಲೆ ಕಟ್ಟಿ ಹುಲ್ಲು ಹೊದಿಸಿದ್ದ ಅಟ್ಟಣೆಯೊಂದರಿಂದ ಅದೇ ಹುಡುಗ ಇಳಿದುಬಂದು ನಮಗೆ ಕೈಮುಗಿದನು. ಆನೆ ಬಾರದಂತೆ ತಂದೆಯೊಡನೆ ರಾತ್ರಿಯೆಲ್ಲ ಕಾವಲಿದ್ದನಂತೆ. ಅಟ್ಟಣೆಯನ್ನು ಕಟ್ಟಿದವರು ಯಾರೆಂದು ಕೇಳಿದೆವು. "ನಾನೂ ನಮ್ಮಪ್ಪನೂ ಸಾರ್" ಎಂದನು. ಯಾವ ಮರದ ಕಂಬಕ್ಕೆ ಗೆದ್ದಲು ಹತ್ತುವುದಿಲ್ಲ, ಗಾಳಿ ಯಾವ ಕಡೆಯಿಂದ ಬೀಸಿದಾಗ ಆನೆಗೆ ಮನುಷ್ಯನ ವಾಸನೆ ತಿಳಿಯುತ್ತದೆ, ಹೊದಿಕೆಯ ಹುಲ್ಲನ್ನು ಎಷ್ಟು ಇಳಿಜಾರಾಗಿಸಿದರೆ ನೀರು ಸೋರುವುದಿಲ್ಲ ಎಂಬುದನ್ನೆಲ್ಲ ಅವನು ವಿವರಿಸಿದನು. ಬಿ.ಎ., ಬಿ.ಟಿ. ಪದವಿಗಳನ್ನು ಹೆಸರಿನ ಮುಂದೆ ಬರೆದುಕೊಳ್ಳುವ ನಮಗೆ ಇವುಗಳಲ್ಲಿ ಒಂದೂ ತಿಳಿದಿರಲಿಲ್ಲ. ಅಂದು ನಮಗಾದ ನಾಚಿಕೆಯೇ ಇಂದಿನ ಈ ಭಾಷಣಕ್ಕೆ ಮೂಲ.

ಇನ್ನು ಕೋಳಿಗೂಡಿನ ಕಥೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಯೋವಾ ಪ್ರಾಂತ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದ ಬರ್ಲಿಂಗ್ಟನ್ ಎಂಬ ಊರಿನಲ್ಲಿ 1887ರ ಜನವರಿ 11ರಂದು ಆಲ್ಡೋ ಲಿಯೋಪೋಲ್ಡ್ ಎಂಬವರು ಹುಟ್ಟಿದರು. ತಂದೆ ಮೇಜುಗಳನ್ನು ತಯಾರಿಸುವ ಉದ್ಯಮಿ. ಬೇಟೆಯಲ್ಲಿ ಬಹಳ ಆಸಕ್ತಿಯುಳ್ಳವರು. ಆದರೆ ನೀರುಹಕ್ಕಿಗಳ ಸಂಖ್ಯೆ ಇಳಿಯುತ್ತಿರುವುದನ್ನು ಕಂಡಾಗ, ಯಾವ ಕಾನೂನೂ ತಡೆಯದಿದ್ದ ಕಾಲದಲ್ಲಿಯೇ ವಸಂತಕಾಲದ ಬೇಟೆಯನ್ನು ತಾವಾಗಿ ಬಿಟ್ಟುಬಿಟ್ಟರು. ಮಗನ ಕೈಗೆ ಮೊದಲ ಕೋವಿಯನ್ನು ಕೊಡುವಾಗಲೂ, ಮರದ ಮೇಲೆ ಕುಳಿತ ಹಕ್ಕಿಗೆ ಗುರಿಯಿಡಕೂಡದು, ಹಾರುವುದಕ್ಕಷ್ಟೇ ಗುರಿಯಿಡಬೇಕು ಎಂದು ಕಟ್ಟು ಹಾಕಿದರು. ಕುಳಿತ ಹಕ್ಕಿಯನ್ನು ಬಿಟ್ಟು ಹಾರುವ ಹಕ್ಕಿಯ ಮೇಲೆ ಗುಂಡನ್ನು ವ್ಯರ್ಥ ಮಾಡಿಕೊಳ್ಳುವಾಗ ಆ ಬಾಲಕನಿಗೆ ಧರ್ಮಾಧರ್ಮಗಳ ಮೊದಲ ಪಾಠವಾಯಿತು. ಪೋಷಕರು ಇದನ್ನು ಗಮನಿಸಬೇಕು. ನೋಡುವವರಿಲ್ಲದ ಕಡೆಯಲ್ಲಿಯೂ ನಿಯಮವನ್ನು ಪಾಲಿಸುವುದನ್ನು ಆ ತಂದೆ ತಾನು ನಡೆದು ಕಲಿಸಿದನು.

ಲಿಯೋಪೋಲ್ಡರು ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರವನ್ನು ಓದಿ, 1909ರಲ್ಲಿ ಅರಿಜೋನಾ ಮತ್ತು ನ್ಯೂ ಮೆಕ್ಸಿಕೊ ಪ್ರಾಂತ್ಯಗಳ ಕಾಡುಗಳಲ್ಲಿ ಸರ್ಕಾರಿ ನೌಕರಿಗೆ ಸೇರಿದರು. ತೋಳಗಳು ಕಡಿಮೆಯಾದಷ್ಟೂ ಜಿಂಕೆಗಳು ಹೆಚ್ಚುತ್ತವೆಂಬುದು ಆಗ ಎಲ್ಲರ ನಂಬಿಕೆ. ಒಂದು ದಿನ ಇವರೂ ಸಂಗಡಿಗರೂ ಮರಿಗಳೊಡನಿದ್ದ ಮುದಿ ಹೆಣ್ಣುತೋಳವೊಂದರ ಮೇಲೆ ಗುಂಡು ಹಾರಿಸಿದರು. ಹತ್ತಿರ ಹೋಗುವ ಹೊತ್ತಿಗೆ ಅದರ ಕಣ್ಣಿನ ಹಸಿರು ಬೆಳಕು ನಂದುತ್ತಿತ್ತು. ಆ ನೋಟ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ತೋಳಗಳನ್ನು ಅಳಿಸಿಹಾಕಿದ ಬೆಟ್ಟಗಳಲ್ಲಿ ಜಿಂಕೆಗಳು ಮಿತಿಮೀರಿ ಹೆಚ್ಚಿ, ಚಿಗುರೆಲ್ಲವನ್ನೂ ಮೇಯ್ದು, ಕೊನೆಗೆ ತಾವೂ ಹಸಿವಿನಿಂದ ಸತ್ತುದನ್ನು ಮುಂದೆ ಕಂಡರು. ತಮ್ಮ ಈ ತಪ್ಪನ್ನು ಅವರೇ 1944ರಲ್ಲಿ ಲೇಖನವಾಗಿ ಬರೆದರು. ತಪ್ಪನ್ನೊಪ್ಪಿಕೊಳ್ಳಲು ಮೂವತ್ತೈದು ವರ್ಷ ಹಿಡಿಯಿತೆನ್ನುವುದಕ್ಕಿಂತ, ಮೂವತ್ತೈದು ವರ್ಷವಾದರೂ ಅದನ್ನು ಮರೆಯಲಿಲ್ಲವೆನ್ನುವುದು ಹೆಚ್ಚು ಸರಿ.

1924ರಲ್ಲಿ ಲಿಯೋಪೋಲ್ಡರು ಸಂಸಾರಸಮೇತ ವಿಸ್ಕಾನ್ಸಿನ್ ಪ್ರಾಂತ್ಯದ ಮ್ಯಾಡಿಸನ್ ನಗರಕ್ಕೆ ಬಂದರು. 1933ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಹೆಂಡತಿ ಎಸ್ಟೆಲ್ಲಾ ಬಿಲ್ಲುವಿದ್ಯೆಯಲ್ಲಿ ನಿಪುಣೆ. ಗಂಡ ತನ್ನ ಕೈಯಿಂದಲೇ ಬಿಲ್ಲುಗಳನ್ನು ಕೆತ್ತುತ್ತಿದ್ದರು. ಇವರಿಗೆ ಐವರು ಮಕ್ಕಳು. ರಜಾದಿನಗಳಲ್ಲಿ ಬೇಟೆಗೂ ವಿಹಾರಕ್ಕೂ ಒಂದು ನೆಲೆ ಬೇಕೆಂದು, 1935ರಲ್ಲಿ ವಿಸ್ಕಾನ್ಸಿನ್ ನದಿಯ ದಡದಲ್ಲಿ, ಬ್ಯಾರಬೂ ಎಂಬ ಊರಿನ ಬಳಿ, ಹಾಳುಬಿದ್ದ ಜಮೀನೊಂದನ್ನು ಕೊಂಡರು. ಸಾರವೆಲ್ಲ ಬಸಿದುಹೋದ ಬರಿಯ ಮರಳುನೆಲ. ಮನೆ ಸುಟ್ಟುಹೋಗಿತ್ತು. ನಿಂತಿದ್ದುದೊಂದೇ, ಗೊಬ್ಬರ ತುಂಬಿದ ಒಂದು ಕೋಳಿಗೂಡು.

ಆ ಸಂಸಾರವು ಕೂಲಿಯಾಳುಗಳನ್ನು ಕರೆಯಲಿಲ್ಲ. ತಾಯಿ, ತಂದೆ, ಮಕ್ಕಳು ಸಲಿಕೆ ಹಿಡಿದು ಗೊಬ್ಬರವನ್ನು ಹೊರಹಾಕಿದರು. ಕೊನೆಯ ಮಗಳಿಗೆ ಆಗ ಎಂಟೇ ವರ್ಷ. ಮಣ್ಣನ್ನು ಕಟ್ಟಿ ನೆಲ ಮಾಡಿದರು. ಸೂರನ್ನು ಸರಿಪಡಿಸಿದರು. ಚಳಿಗಾಲದಲ್ಲಿ ಹಿಮ ಬೀಳುವ ಸೀಮೆಯಾದ್ದರಿಂದ ಕಲ್ಲಿನ ಅಗ್ಗಿಷ್ಟಿಕೆಯನ್ನು ಕಟ್ಟಿದರು. ಬದಿಗೆ ಮಲಗುವ ಕೊಠಡಿಯೊಂದನ್ನು ಸೇರಿಸಿ, ಒಂದರ ಮೇಲೊಂದರಂತೆ ಹಲಗೆಮಂಚಗಳನ್ನು ಜೋಡಿಸಿದರು. ನದಿಯ ಪ್ರವಾಹದಲ್ಲಿ ತೇಲಿಬಂದ ಹಲಗೆಗಳು ಇವರಿಗೆ ದೊಡ್ಡ ಭಂಡಾರ. ಒಂದೊಂದು ಹಲಗೆಯೂ ಯಾವ ಊರಿನ ಯಾವ ಕೊಟ್ಟಿಗೆಯಿಂದ ಬಂದಿರಬಹುದೆಂದು ಊಹಿಸುವುದೂ ಒಂದು ಆಟವಾಯಿತು. ವಿದ್ಯುದ್ದೀಪವಿಲ್ಲ. ನೀರಿಗೆ ಕೈಪಂಪು. ಹೊರಗಿನ ಪಾಯಿಖಾನೆಗೆ ಗ್ರೀಕರ ಭವ್ಯ ದೇವಾಲಯದ ನೆನಪಿನಲ್ಲಿ 'ಪಾರ್ಥೆನಾನ್' ಎಂದು ಹೆಸರಿಟ್ಟು ನಕ್ಕರು. ಇಡೀ ಬಿಡಾರವನ್ನು 'ಷ್ಯಾಕ್', ಎಂದರೆ ಗುಡಿಸಲು, ಎಂದೇ ಕರೆದರು.

ಬೇಟೆಗೆಂದು ಕಟ್ಟಿದ ಬಿಡಾರವು ಕ್ರಮೇಣ ಬೇರೆಯದೇ ಆದ ಕೆಲಸಕ್ಕೆ ನೆಲೆಯಾಯಿತು. ಹಾಳುನೆಲವನ್ನು ಕಂಡ ಆ ಸಂಸಾರಕ್ಕೆ ಅಲ್ಲಿಂದ ಏನನ್ನಾದರೂ ಹೊಡೆದು ತರುವುದಕ್ಕಿಂತ ಅಲ್ಲಿಗೆ ಏನನ್ನಾದರೂ ಕೊಡಬೇಕೆನ್ನಿಸಿತು. ಪ್ರತಿ ವಸಂತದಲ್ಲಿ ಪೈನ್ ಸಸಿಗಳನ್ನು ನೆಟ್ಟರು. 1936ರ ಬರಗಾಲದಲ್ಲಿ ಆ ವರ್ಷ ನೆಟ್ಟ ಸಸಿಗಳಲ್ಲಿ ಬಹುಭಾಗ ಸತ್ತವು. ಮರುವರ್ಷ ಮತ್ತೆ ನೆಟ್ಟರು. 1948ರವರೆಗೆ ಹೀಗೆ ನೆಟ್ಟ ಸಸಿಗಳು 40 ಸಾವಿರಕ್ಕೂ ಹೆಚ್ಚು. ಮಕ್ಕಳೇ, ನೀವು ಒಂದು ಗಿಡವನ್ನು ನೆಟ್ಟು ಅದು ಒಣಗಿದೊಡನೆ ಕೈಚೆಲ್ಲುವಿರಲ್ಲವೇ? ಈ ಲೆಕ್ಕವನ್ನು ನೆನಪಿನಲ್ಲಿಡಿ.

ಅವರು ಮಾಡಿದ ಇನ್ನೊಂದು ಕೆಲಸಕ್ಕೆ ಒಂದು ಕಾಸೂ ಖರ್ಚಿಲ್ಲ. ಬೆಳಗಾಗುವ ಮುನ್ನವೇ ಲಿಯೋಪೋಲ್ಡರು ಕಾಫಿಯ ಪಾತ್ರೆಯನ್ನೂ ಟಿಪ್ಪಣಿಯ ಪುಸ್ತಕವನ್ನೂ ಹಿಡಿದು ಬಾಗಿಲ ಮುಂದಿನ ಬೆಂಚಿನ ಮೇಲೆ ಕೂರುತ್ತಿದ್ದರು. ಯಾವ ಹಕ್ಕಿ ಮೊದಲು ಕೂಗಿತು, ಯಾವುದು ಆಮೇಲೆ, ಆಗ ಬೆಳಕೆಷ್ಟಿತ್ತು ಎಂದು ಬರೆದುಕೊಳ್ಳುತ್ತಿದ್ದರು. ಯಾವ ಹೂವು ಯಾವ ದಿನ ಅರಳಿತು, ಯಾವ ದಿನ ಬಾತುಗಳು ಮರಳಿದವು ಎಂಬುದನ್ನು ಮನೆಮಂದಿಯೆಲ್ಲ ಗುರುತು ಹಾಕುತ್ತಿದ್ದರು. ಚಿಕಡೀ ಎಂಬ ಅಂಗೈಯಲ್ಲಿ ಅಡಗುವ ಹಕ್ಕಿಗಳನ್ನು ಹಿಡಿದು ಕಾಲಿಗೆ ಅಂಕಿಯ ಬಳೆ ತೊಡಿಸಿ ಬಿಡುತ್ತಿದ್ದರು. 65290 ಎಂಬ ಅಂಕಿಯ ಹಕ್ಕಿಯೊಂದು ಐದು ಚಳಿಗಾಲಗಳನ್ನು ದಾಟಿ ಬದುಕಿತು. ಆ ಪುಟ್ಟ ಜೀವಿಯ ಮೇಲೆ ಅವರು ಒಂದು ಪ್ರಬಂಧವನ್ನೇ ಬರೆದರು. ಸಿಡಿಲು ಬಡಿದು ಸತ್ತ ಓಕ್ ಮರವನ್ನು ಸೌದೆಗಾಗಿ ಕೊಯ್ಯುವಾಗಲೂ, ಗರಗಸವು ಒಂದೊಂದು ಸುತ್ತನ್ನು ದಾಟಿದಂತೆ ಆಯಾ ವರ್ಷ ಆ ನಾಡಿನಲ್ಲಿ ಏನು ನಡೆದಿತ್ತೆಂದು ಲೆಕ್ಕ ಹಾಕಿದರು. ಇತಿಹಾಸದ ಪಾಠವನ್ನು ಸೌದೆಯ ತುಂಡಿನಿಂದ ಹೇಳಿದ ಉಪಾಧ್ಯಾಯರು ಬೇರೆ ಎಷ್ಟು ಮಂದಿಯೋ ತಿಳಿಯದು.

1948ರ ಏಪ್ರಿಲ್ 14ರಂದು ಅವರ ಪುಸ್ತಕವನ್ನು ಪ್ರಕಟಿಸಲು ಪ್ರಕಾಶಕರು ಒಪ್ಪಿದರು. ಒಂದೇ ವಾರ ಕಳೆದು, ಏಪ್ರಿಲ್ 21ರಂದು, ನೆರೆಯವನ ಹೊಲದ ಹುಲ್ಲಿಗೆ ಬೆಂಕಿ ಹತ್ತಿತು. ಅದನ್ನು ಆರಿಸಲು ಧಾವಿಸಿದ ಲಿಯೋಪೋಲ್ಡರು ಹೃದಯಾಘಾತದಿಂದ ಅಲ್ಲಿಯೇ ಮಡಿದರು. 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಎಂಬ ಆ ಪುಸ್ತಕವು 1949ರಲ್ಲಿ, ಮಗ ಲೂನಾ ಅವರ ಮೇಲ್ವಿಚಾರಣೆಯಲ್ಲಿ ಹೊರಬಂದು, ಇಂದಿಗೂ ಲೋಕದ ನಾನಾ ಭಾಷೆಗಳಲ್ಲಿ ಓದಲ್ಪಡುತ್ತಿದೆ.

ಆ ಐವರು ಮಕ್ಕಳು ಏನಾದರು? ಐವರೂ ವಿಜ್ಞಾನದ ಹಾದಿಯನ್ನೇ ಹಿಡಿದರು. ಸ್ಟಾರ್ಕರ್ ವನ್ಯಜೀವಿಗಳನ್ನು, ಲೂನಾ ನದಿಗಳನ್ನು, ಕಾರ್ಲ್ ಸಸ್ಯಗಳ ಜೀವಕ್ರಿಯೆಯನ್ನು, ಕಿರಿಯ ಎಸ್ಟೆಲ್ಲಾ ಪ್ರಾಚೀನ ಸಸ್ಯಗಳನ್ನು ಅಭ್ಯಾಸ ಮಾಡಿ ಹೆಸರಾದರು. ಇವರಲ್ಲಿ ಮೂವರು ತಮ್ಮ ದೇಶದ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಚುನಾಯಿತರಾದರು. ಮಗಳು ನೀನಾ ಹಳೆಯ ಟಿಪ್ಪಣಿಗಳನ್ನು ಮುಂದುವರಿಸಿ, ಅವನ್ನು ತಂದೆಯ ದಾಖಲೆಗಳೊಡನೆ ಹೋಲಿಸಿ, ಅಲ್ಲಿ ವಸಂತವು ಮೊದಲಿಗಿಂತ ಬೇಗ ಬರುತ್ತಿದೆಯೆಂದು 1999ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. ಹವೆ ಬದಲಾಗುತ್ತಿರುವುದಕ್ಕೆ ಒಂದು ಸಂಸಾರದ ಟಿಪ್ಪಣಿಯ ಪುಸ್ತಕವು ಸಾಕ್ಷಿಯಾಯಿತು. 2007ರಲ್ಲಿ ಗುಡಿಸಲಿನ ಸಮೀಪ ಕಟ್ಟಿದ ಅಧ್ಯಯನ ಕೇಂದ್ರಕ್ಕೆ ಆ ಮಕ್ಕಳು ಅಂದು ನೆಟ್ಟಿದ್ದ ಪೈನ್ ಮರಗಳೇ ತೊಲೆಗಳಾದವು.

ಮಹನೀಯರೇ, ನಾವು ಇದನ್ನು ಹೇಳಿದುದು ಪರದೇಶದವರ ಹಿರಿಮೆಯನ್ನು ಹೊಗಳುವುದಕ್ಕಾಗಿ ಅಲ್ಲ. ಅವರಿಗೂ ನಮಗೂ ಇರುವ ಅಂತರವನ್ನು ಮುಚ್ಚಿಡುವುದೂ ಸರಿಯಲ್ಲ. ಸಂಬಳವಿದ್ದ ಪ್ರಾಧ್ಯಾಪಕರಿಗೆ ಆ ಗುಡಿಸಲು ವಾರದ ಕೊನೆಯ ಆನಂದ. ತಾಳವಾಡಿ ಸೀಮೆಯ ನಮ್ಮ ರೈತನಿಗೆ ಅಟ್ಟಣೆಯು ಅನ್ನದ ಪ್ರಶ್ನೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಲಿಯೋಪೋಲ್ಡರು ಬೇಟೆಯನ್ನು ಕೊನೆಯವರೆಗೂ ಬಿಡಲಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ತಡೆ ಬಿದ್ದಿದೆ. ಸತ್ಯಮಂಗಲದ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಕಾಡಿನ ಮೃಗವೂ ಉಳಿಯಬೇಕು, ಹೊಲದ ತೆನೆಯೂ ಮನೆಗೆ ಬರಬೇಕು ಎಂಬ ಈ ಬಿಕ್ಕಟ್ಟನ್ನು ಬಿಡಿಸುವವರು ಎಲ್ಲಿಂದಲೋ ಬರುವುದಿಲ್ಲ. ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕುಳಿತು ಎರಡರ ಬೆಲೆಯನ್ನೂ ತಿಳಿದಿರುವ ಮಕ್ಕಳಿಂದಲೇ ಅಂಥವರು ಹುಟ್ಟಬೇಕು. ಆದರೆ ಆ ಮಕ್ಕಳಿಗೆ ತಮ್ಮ ತಿಳಿವಳಿಕೆಯೂ ವಿದ್ಯೆಯೇ ಎಂದು ಯಾರಾದರೂ ಹೇಳಬೇಕಷ್ಟೆ? ನಾವು ಹೇಳಲಿಲ್ಲ. ಬಾಗಿಲ ಹೊರಗೆ ನಿಲ್ಲಿಸಿದೆವು.

ಆದುದರಿಂದ ತಮ್ಮಲ್ಲಿ ಮೂರು ವಿಜ್ಞಾಪನೆಗಳು. ಮೊದಲನೆಯದು: ಮಗುವನ್ನು ರಾತ್ರಿಯ ಕಾವಲಿಗೆ ಕರೆದೊಯ್ಯುವುದನ್ನು ಸಾಧ್ಯವಾದಷ್ಟೂ ತಪ್ಪಿಸಿ. ತಪ್ಪದಿದ್ದರೆ ನಮಗೊಂದು ಚೀಟಿ ಬರೆದು ಕಳುಹಿಸಿ. ಆ ಮಗುವಿಗೆ ಮುಂದೆ ಶಿಕ್ಷೆಯಾಗದು, ತಪ್ಪಿದ ಪಾಠವನ್ನು ನಾವೇ ಹೇಳಿಕೊಡುತ್ತೇವೆ. ಎರಡನೆಯದು: ವರ್ಷಕ್ಕೊಂದು ವಸ್ತುವನ್ನಾದರೂ ಮಕ್ಕಳೊಡನೆ ಸೇರಿ ಕೈಯಾರೆ ಕಟ್ಟಿ. ಕುರಿದೊಡ್ಡಿಯಾಗಲಿ, ಬೇಲಿಯಾಗಲಿ, ಕೋಳಿಗೂಡೇ ಆಗಲಿ. ಅಳತೆ, ಕೋನ, ತೂಕಗಳನ್ನು ನಾವು ಕರಿಹಲಗೆಯ ಮೇಲೆ ಹತ್ತು ದಿನ ಹೇಳುವುದನ್ನು ಅದು ಒಂದು ದಿನದಲ್ಲಿ ಕಲಿಸುತ್ತದೆ. ಮೂರನೆಯದು ವಿದ್ಯಾರ್ಥಿಗಳಿಗೆ: ನಮ್ಮ ಶಾಲೆಯಲ್ಲಿ ಇಂದಿನಿಂದ ಒಂದು ದೊಡ್ಡ ಪುಸ್ತಕವನ್ನು ತೆರೆದಿಡುತ್ತೇವೆ. ಮುತ್ತುಗ ಅರಳಿದ ದಿನ, ಮೊದಲ ಮಳೆ ಬಿದ್ದ ದಿನ, ಹೊಂಗೆ ಚಿಗುರಿದ ದಿನ, ಗೀಜಗ ಗೂಡು ಕಟ್ಟಲಾರಂಭಿಸಿದ ದಿನ, ಇವನ್ನೆಲ್ಲ ಕಂಡವರು ಅದರಲ್ಲಿ ಕನ್ನಡದಲ್ಲಿ ಬರೆಯಬೇಕು. ಮರಗಿಡಗಳಿಗೆ ನಿಮ್ಮ ಅಜ್ಜಿಯರು ಹೇಳುವ ಹೆಸರನ್ನೇ ಬರೆಯಿರಿ. ಗಡಿನಾಡಿನ ನಮ್ಮ ಕನ್ನಡವು ಪಠ್ಯಪುಸ್ತಕದಲ್ಲಿ ಮಾತ್ರವೇ ಉಳಿದರೆ ಸಾಲದು, ಹೊಲದ ಬದುವಿನಲ್ಲಿಯೂ ಉಳಿಯಬೇಕು.

ಆ ಪುಸ್ತಕದ ಮೊದಲ ಪುಟವನ್ನು ಬರೆಯಲು, ಅಂದು ನಾವು ಹೊರಗೆ ನಿಲ್ಲಿಸಿದ್ದ ಬಾಲಕನನ್ನೇ ಕೇಳಿಕೊಂಡಿದ್ದೇವೆ. ಅವನು ಒಪ್ಪಿದ್ದಾನೆ. ಅಟ್ಟಣೆಯನ್ನು ಕಟ್ಟುವ ಕ್ರಮವನ್ನು ಚಿತ್ರಸಹಿತ ಬರೆದುಕೊಡುತ್ತಾನಂತೆ. ಅದನ್ನು ಓದುವ ಮೊದಲ ವಿದ್ಯಾರ್ಥಿಗಳು ನಾವಾಗುತ್ತೇವೆ.